ಅವಳು ನೆಲಕ್ಕಿಳಿಸಿದ ಟ್ರಕ್ಕು

ನನ್ನ ಹೆಂಡತಿ ಅಮೆರಿಕದ ಮಿಶಿಗನ್ನಿನ ಲಿವೋನಿಯಾಕ್ಕೆ ಬಂದ ಎರಡನೆಯ ಬೇಸಿಗೆಯಲ್ಲಿ, ಒಂದು ಭಾನುವಾರ, ಮಾಲಿನ ಪಾರ್ಕಿಂಗ್ ಲಾಟಿನಲ್ಲಿ ಚೂಡಿದಾರದಲ್ಲೇ ಅಂಗಾತ ಮಲಗಿಬಿಟ್ಟಳು. ನಾವು ಹೋಗಿದ್ದು ನನಗೆ ಷೂ ತರಲು. ಲಾಟಿನ ಒಂದು ಮೂಲೆಯಲ್ಲಿ ಏಳೆಂಟು ಸಣ್ಣ ಪಿಕಪ್ ಟ್ರಕ್ಕುಗಳು ಸಾಲಾಗಿ ನಿಂತಿದ್ದವು. ನಾವು ದಾಟಿಹೋಗುವಾಗ ಅವುಗಳಲ್ಲೊಂದು ಉಸ್ಸೆಂದು ಗಾಳಿ ಬಿಟ್ಟು, ನಮ್ಮ ಕಣ್ಣೆದುರೇ ಇಳಿದು, ಹೊಟ್ಟೆಯನ್ನು ಡಾಂಬರಿಗೆ ತಾಗಿಸಿ ಕೂತಿತು. ಅವಳು ಜೋರಾಗಿ ನಕ್ಕಳು. ಈ ದೇಶಕ್ಕೆ ಬಂದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ.

ಟ್ರಕ್ಕಿನವನು ಖುಷಿಯಿಂದ ಒಂದು ಗುಂಡಿ ಒತ್ತಿ ಮತ್ತೆ ಎತ್ತಿ ತೋರಿಸಿದ. ಅವಳು ತನ್ನ ಹುಬ್ಬಳ್ಳಿ ಇಂಗ್ಲಿಷಿನಲ್ಲಿ ಕೆಳಗೆ ನೋಡಬಹುದೇ ಎಂದು ಕೇಳಿ, ಅವನು ಹ್ಞೂಂ ಎನ್ನುವ ಮೊದಲೇ ದುಪಟ್ಟಾ ಸೊಂಟಕ್ಕೆ ಸುತ್ತಿ ನೆಲದ ಮೇಲೆ ಮಲಗಿ ಒಳಗೆ ತಲೆ ಹಾಕಿದಳು.

"ಏನೇ ಇದು, ಎದ್ದೇಳು, ಜನ ನೋಡ್ತಿದ್ದಾರೆ," ಎಂದೆ.

"ರೀ, ಇದ್ರಾಗ ಸ್ಪ್ರಿಂಗ್ ಇಲ್ರೀ! ಗಾಳಿ ಚೀಲದ ಮ್ಯಾಲೆ ನಿಂತೈತಿ ಗಾಡಿ!" ಟ್ರಕ್ಕಿನ ಅಡಿಯಿಂದ ಅವಳ ದನಿ ಬಂತು.

ಅವಳ ತಂದೆಗೆ ಹುಬ್ಬಳ್ಳಿಯಲ್ಲಿ ಲಾರಿ ರಿಪೇರಿಯ ಗ್ಯಾರೇಜು. ಸ್ಕೂಲು ಬಿಟ್ಟ ಮೇಲೆ ಅವಳು ನೇರ ಅಲ್ಲಿಗೇ ಹೋಗುತ್ತಿದ್ದಳಂತೆ. ಬಿಸಿಲಿನ ದಿನಗಳಲ್ಲಿ ಲಾರಿಯ ಕೆಳಗಿನ ನೆರಳಿನಲ್ಲೇ ಕೂತು ಹೋಮ್‌ವರ್ಕ್ ಬರೆಯುತ್ತಿದ್ದಳಂತೆ. ಮುಂದೆ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದಳು. ಮೈಸೂರಿನ ನಮ್ಮ ಮನೆಯಲ್ಲಿ ಸಂಬಂಧದ ಮಾತು ಬಂದಾಗ "ಹುಡುಗಿ ಡಿಪ್ಲೊಮಾ ಓದಿದಾಳೆ" ಎಂದಷ್ಟೇ ಹೇಳಿಕೊಂಡರು. ನಾನೂ ಅಷ್ಟೇ ಕೇಳಿಸಿಕೊಂಡೆ. ಇಲ್ಲಿಗೆ ಬಂದಾಗ ಅವಳದು ಡಿಪೆಂಡೆಂಟ್ ವೀಸಾ, ಕೆಲಸ ಮಾಡುವಂತಿರಲಿಲ್ಲ. ಎರಡು ಚಳಿಗಾಲ ಬಾಡಿಗೆ ಮನೆಯ ಕಿಟಕಿಯ ಬಳಿ ಕೂತು, ಹಿಮ ಎತ್ತುವ ಟ್ರಕ್ಕು ಬಂದಾಗಲೆಲ್ಲ ಎದ್ದು ನಿಂತು ನೋಡುತ್ತಿದ್ದಳು. ನಾನು ಕಾರಿನ ಬಾಗಿಲಿಗೆ ಹಾಕುವ ಹಿಂಜುಗಳನ್ನು ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡುವವನು. ಬಾನೆಟ್ ಎತ್ತಿದರೆ ಎಣ್ಣೆ ಎಲ್ಲಿ, ನೀರು ಎಲ್ಲಿ ಎಂದು ಅವಳನ್ನೇ ಕೇಳಬೇಕಾಗಿತ್ತು.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಮುದುಕರಿದ್ದರು. ಕಾರ್ಖಾನೆಯಲ್ಲಿ ಜೀವಮಾನವಿಡೀ ವೆಲ್ಡರ್ ಆಗಿದ್ದು ನಿವೃತ್ತರಾದವರು, ಹೆಂಡತಿ ತೀರಿಕೊಂಡಿದ್ದರು. ಅವರ ಡ್ರೈವ್‌ವೇಯಲ್ಲಿ ಒಂದು ಹಳೆಯ ಸಣ್ಣ ಪಿಕಪ್ ನಿಂತಿತ್ತು. ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಸುರಿಯುವ ಉಪ್ಪು ಚಕ್ರದ ಮೇಲಿನ ತಗಡನ್ನೆಲ್ಲ ತಿಂದುಹಾಕಿತ್ತು. ಮಾಲಿನಿಂದ ಬಂದ ಮರುದಿನವೇ ಅವಳು ಜೋಳದ ರೊಟ್ಟಿ, ಶೇಂಗಾ ಚಟ್ನಿ ತೆಗೆದುಕೊಂಡು ಅವರ ಮನೆಗೆ ಹೋದಳು. ಎರಡು ಗಂಟೆಯ ಮೇಲೆ ಟ್ರಕ್ಕಿನ ಕೀಲಿ ಹಿಡಿದುಕೊಂಡು ಬಂದಳು.

"ಅಂಕಲ್ ಕೊಟ್ರು. ಮೊಣಕಾಲ್ ನೋವಂತ, ಅವ್ರಿಗೆ ಹತ್ತಾಕ ಆಗೂದಿಲ್ಲಂತ. ವೆಲ್ಡಿಂಗೂ ಕಲಸ್ತಾರಂತ."

"ಕಲಿತು?"

"ಕಲ್ತು ಅದನ್ನ ನೆಲಕ್ಕ ಕುಂದ್ರಸ್ತೀನಿ."

ನನಗೆ ನಗು ಬಂತು, ಬೇಡ ಎನ್ನಲಿಲ್ಲ. ಒಂದೆರಡು ತಿಂಗಳಲ್ಲಿ ಬೇಸರವಾಗಿ ಬಿಟ್ಟಾಳು ಎಂದುಕೊಂಡೆ.

ಮೂರು ತಿಂಗಳು ಮುದುಕರು ಅವಳಿಗೆ ಟ್ರಕ್ಕನ್ನು ಮುಟ್ಟಗೊಡಲಿಲ್ಲ. ತಮ್ಮ ವೆಲ್ಡಿಂಗ್ ಮಷೀನನ್ನು ನಮ್ಮ ಗ್ಯಾರೇಜಿಗೆ ತಳ್ಳಿಕೊಂಡು ಬಂದು, ಎರಡು ಕಬ್ಬಿಣದ ತುಂಡು ಕೊಟ್ಟು ಬೆಸೆ ಎನ್ನುವರು. ಬೆಸೆದದ್ದನ್ನು ವೈಸಿನ ಕಬ್ಬಿಣದ ದವಡೆಗೆ ಸಿಕ್ಕಿಸಿ ಸುತ್ತಿಗೆಯಿಂದ ಹೊಡೆಯುವರು. ಬೆಸುಗೆ ಬಿಟ್ಟುಕೊಂಡರೆ ಇನ್ನೆರಡು ತುಂಡು ಕೊಡುವರು. ಒಂದು ದಿನ ಎಷ್ಟು ಹೊಡೆದರೂ ಕಬ್ಬಿಣವೇ ಬಾಗಿತು, ಬೆಸುಗೆ ಬಿಡಲಿಲ್ಲ. ಅವರು ಸುತ್ತಿಗೆ ಕೆಳಗಿಟ್ಟು, ಇನ್ನು ಚಾಸಿ ಕತ್ತರಿಸಬಹುದು ಎಂದರು.

"ಚಾಸಿ ಕತ್ತರಿಸ್ತೀಯಾ?" ನನಗೆ ಗಾಬರಿ. ಗಾಡಿಯ ಬೆನ್ನುಮೂಳೆ ಅದು.

"ಕತ್ತರ್ಸದ ಹೆಂಗ್ ಕೂಡ್ತೈತ್ರಿ ಅದು?" ಎಂದು ಅವಳು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬಿಡಿಸಿ ತೋರಿಸಿದಳು. ಟ್ರಕ್ಕು ಕೆಳಗಿಳಿದಾಗ ಹಿಂದಿನ ಆಕ್ಸಲ್ ಮೇಲಕ್ಕೆ ಬಂದು ಚಾಸಿಗೆ ಬಡಿಯುತ್ತದೆ. ಹಾಗಾಗಿ ಆಕ್ಸಲ್ಲಿನ ನೇರಕ್ಕೆ ಎರಡೂ ಕಡೆ ಚಾಸಿಯನ್ನು ಕಮಾನಿನ ಆಕಾರಕ್ಕೆ ಕತ್ತರಿಸಿ, ಸುತ್ತ ದಪ್ಪ ತಗಡು ಬೆಸೆದು ಗಟ್ಟಿ ಮಾಡಬೇಕು. ಹಳೆಯ ಸ್ಪ್ರಿಂಗುಗಳನ್ನೆಲ್ಲ ಬಿಚ್ಚಿ ಆ ಜಾಗದಲ್ಲಿ ದಪ್ಪ ರಬ್ಬರಿನ ಗಾಳಿಚೀಲ ಕೂರಿಸಬೇಕು. ಒಂದು ಕಂಪ್ರೆಸರ್, ಒಂದು ಗಾಳಿಯ ಟ್ಯಾಂಕು, ನಾಲ್ಕು ಚಕ್ರಕ್ಕೂ ಪೈಪು, ಡ್ರೈವರ್ ಸೀಟಿನ ಪಕ್ಕ ಸ್ವಿಚ್ಚು. ಅಷ್ಟೇ, ಎಂದಳು. ಆ ಅಷ್ಟಕ್ಕೆ ಎರಡು ವರ್ಷ ಹಿಡಿಯಿತು.

ನನ್ನ ಕೆಲಸ ಲೈಟು ಹಿಡಿಯುವುದು, ಅಳತೆಯ ಟೇಪು ಓದುವುದು. ಶನಿವಾರ ತಿಂಡಿ ಮುಗಿಸಿ ಗ್ಯಾರೇಜಿಗೆ ಇಳಿದರೆ ಮಧ್ಯಾಹ್ನದ ಊಟದ ಹೊತ್ತಿಗೂ ನಾವು ಮೇಲೆ ಬರುತ್ತಿರಲಿಲ್ಲ. "ಇಲ್ಲಿ ಹಿಡೀರಿ. ಅಲ್ಲಲ್ಲ, ಇಲ್ಲಿ. ಅಲ್ಲಾಡಸಬ್ಯಾಡ್ರಿ." ನಾನು ಅಳತೆ ಹೇಳಿದರೆ ಅವಳು ಅದನ್ನು ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳುವಳು: ಎಡ ಹಿಂದ ನಾಕೂ ಮುಕ್ಕಾಲು, ಬಲ ಹಿಂದ ನಾಕೂವರಿ, ಕಾಲಿಂಚು ಫರಕ್, ಮತ್ತ ನೋಡಬೇಕು. ಪುಟದ ಅಂಚಿನಲ್ಲಿ ಗ್ರೀಸಿನ ಬೆರಳಚ್ಚು. ಚಳಿ ಹೆಚ್ಚಾದರೆ ಕೆರೋಸಿನ್ ಹೀಟರ್ ಹಚ್ಚಿಕೊಂಡು, ಗ್ಯಾರೇಜಿನ ಬಾಗಿಲನ್ನು ಒಂದಡಿ ಎತ್ತಿಟ್ಟುಕೊಂಡು ಕೂರುತ್ತಿದ್ದೆವು. ಮುದುಕರು ಮಡಿಸುವ ಕುರ್ಚಿ ತಂದು ಹಾಕಿಕೊಂಡು ರೊಟ್ಟಿಯನ್ನು ಸುರುಳಿ ಸುತ್ತಿ ತಿನ್ನುತ್ತಿದ್ದರು. ನಮ್ಮ ಮದುವೆಯ ಒಳ್ಳೆಯ ದಿನಗಳು ಅವು. ಆಗ ಕೇಳಿದ್ದರೆ, ಶನಿವಾರವೆಲ್ಲ ಹಾಳಾಗುತ್ತಿದೆ ಎಂದೇ ಹೇಳುತ್ತಿದ್ದೆ.

ಮೊದಲ ಸಲ ಗಾಳಿ ತುಂಬಿದ ದಿನ ಟ್ರಕ್ಕು ಏಳಲಿಲ್ಲ. ಎಲ್ಲೋ ಸೋರುತ್ತಿತ್ತು. ಅವಳು ಪಾತ್ರೆ ತೊಳೆಯುವ ಸೋಪಿನ ನೀರನ್ನು ಬ್ರಷ್ಷಿನಲ್ಲಿ ಪೈಪಿನ ಒಂದೊಂದು ಜೋಡಣೆಗೂ ಬಳಿಯುತ್ತ ಹೋದಳು. ಬಲ ಮುಂಭಾಗದಲ್ಲಿ ಗುಳ್ಳೆ ಬಂತು. ಬಿಚ್ಚಿ, ಒರೆಸಿ, ಮತ್ತೆ ಬಿಗಿದು, ಸ್ವಿಚ್ ಒತ್ತಿದಳು. ಕಂಪ್ರೆಸರ್ ಗುರುಗುಟ್ಟಿತು. ಮೊದಲು ಮೂತಿ, ಆಮೇಲೆ ಹಿಂಭಾಗ, ಟ್ರಕ್ಕು ನಿಧಾನವಾಗಿ ಎದ್ದು ನಿಂತಿತು. ಮುದುಕರು ಕುರ್ಚಿಯಿಂದ ಏಳಲಾರದೆ ಕೂತಲ್ಲೇ ಚಪ್ಪಾಳೆ ತಟ್ಟಿದರು. ಅವಳು ತಿರುಗಿ ನನ್ನ ಎರಡೂ ಕೆನ್ನೆಗೆ ಗ್ರೀಸಿನ ಕೈ ಇಟ್ಟಳು.

ಬಣ್ಣ ಇನ್ನೂ ಆಗಿರಲಿಲ್ಲ, ಬೂದಿ ಬಣ್ಣದ ಪ್ರೈಮರ್ ಮಾತ್ರ. ಹಾಗೇ ಅದನ್ನು ಡ್ರೈವ್ ಮಾಡಿಕೊಂಡು ಷಿಕಾಗೋಗೆ ಹೋದೆವು. ಲೆಮಾಂಟಿನ ದೇವಸ್ಥಾನದಲ್ಲಿ ಗಾಡಿಗೆ ಪೂಜೆ ಮಾಡಿಸಿ, ಮರುದಿನ ಬೆಳಗ್ಗೆ ಸಾಮಾನಿಗೆಂದು ನಮ್ಮ ದೇಶದವರ ಅಂಗಡಿಗಳಿರುವ ಡೆವನ್ ಅವೆನ್ಯೂಗೆ. ಅಲ್ಲಿ ಪಾರ್ಕಿಂಗ್ ಸಿಕ್ಕಿದ್ದೇ ಪುಣ್ಯ. ಅವಳು ಫುಟ್‌ಪಾತಿನ ಪಕ್ಕ ನಿಲ್ಲಿಸಿ ಸ್ವಿಚ್ ಒತ್ತಿದಳು. ಟ್ರಕ್ಕು ಉಸ್ಸೆಂದು ಕೂತಿತು. ಸೀರೆ ಅಂಗಡಿಯ ಮುಂದಿದ್ದವರೆಲ್ಲ ತಿರುಗಿ ನೋಡಿದರು. ಪಕ್ಕದ ಕಿರಾಣಿ ಅಂಗಡಿಯಿಂದ ಬಿಳಿ ಟೋಪಿ, ಬಿಳಿ ಗಡ್ಡದ ಒಬ್ಬರು ಹೊರಗೆ ಬಂದರು. ನಾವು ಮಾತಾಡಿಕೊಳ್ಳುತ್ತಿದ್ದುದು ಅವರ ಕಿವಿಗೆ ಬಿದ್ದಿತ್ತು.

"ಯಾವೂರವ್ವಾ ನಿಮ್ದು?"

"ಹುಬ್ಬಳ್ಳಿ, ಅಂಕಲ್."

"ನಮ್ದು ರಾಣೇಬೆನ್ನೂರು." ಅವರು ಟ್ರಕ್ಕನ್ನು ಒಂದು ಸುತ್ತು ಹಾಕಿ ಬಂದರು. "ಎತ್ತು ಕುಂತಂಗ ಕುಂತೈತಲ್ಲವ್ವಾ ಇದು! ಯಾರು ಮಾಡಿದ್ದು?"

ಅವಳು ನನ್ನ ಮುಖ ನೋಡಿದಳು, ನಾನು ಹೇಳಲಿ ಎಂದು. ನಾನು ಹೇಳಲಿಲ್ಲ. ಹುಡುಕಿದರೂ ಕಾರಣ ಸಿಗುವುದಿಲ್ಲ. ಸುತ್ತ ಐದಾರು ಜನ ನಿಂತಿದ್ದರು, ಅಷ್ಟೇ. ಅವಳೇ ಹೇಳಿಕೊಂಡಳು. ಅವರು ಒಳಗೆ ಹೋಗಿ ಒಂದು ಡಬ್ಬಿ ಪೇಡಾ ತಂದು ಅವಳ ಕೈಗಿಟ್ಟರು.

ಆ ಚಳಿಗಾಲ, ಕನ್ನಡದವರು ಒಬ್ಬರ ಮನೆಯಲ್ಲಿ ಊಟಕ್ಕೆ ಸೇರಿದ್ದೆವು. ಬೇಸ್‌ಮೆಂಟಿನಲ್ಲಿ ಗಂಡಸರ ಗುಂಪಿನಲ್ಲಿ ಯಾರೋ ಕೇಳಿದರು: "ನಿಮ್ಮ ಮಿಸೆಸ್ ವೆಲ್ಡಿಂಗ್ ಮಾಡ್ತಾರಂತಲ್ಲ, ನಿಜಾನಾ?"

"ಏನ್ ಮಾಡೋದು ಸಾರ್," ಎಂದೆ. "ಲಾರಿ ಶೆಡ್ಡಿಗೆ ಅಳಿಯ ಆದೆ. ಅಮೆರಿಕಕ್ಕೆ ಓಡಿಬಂದ್ರೂ ಶೆಡ್ಡು ಬಿಡಲಿಲ್ಲ, ಹಿಂದೇನೇ ಬಂತು."

ಎಲ್ಲರೂ ನಕ್ಕರು. ನಾನೂ ನಕ್ಕು ತಿರುಗಿದರೆ ಮೆಟ್ಟಿಲ ಮೇಲೆ ಅವಳು ನಿಂತಿದ್ದಳು, ನನಗೆಂದು ಮೊಸರನ್ನದ ತಟ್ಟೆ ಹಿಡಿದುಕೊಂಡು. ತಟ್ಟೆ ಕೊಟ್ಟು ಮೇಲೆ ಹೋದಳು. ಮನೆಗೆ ಬರುವಾಗ ಕಾರಿನಲ್ಲಿ ಒಂದೇ ಮಾತು ಕೇಳಿದಳು: "ಮಂದೀನ ನಗಸಾಕ ಬ್ಯಾರೆ ಏನೂ ಸಿಗಲಿಲ್ಲೇನ್ರಿ ನಿಮಗ?" ಅದಾದ ಮೇಲೆ ಶನಿವಾರ ಲೈಟು ಹಿಡಿಯಲು ನನ್ನನ್ನು ಕರೆಯುವುದು ಕಡಿಮೆಯಾಯಿತು. ಒಂದು ಸ್ಟ್ಯಾಂಡು ತಂದು ಅದಕ್ಕೆ ಲೈಟು ಸಿಕ್ಕಿಸಿಕೊಂಡಳು. ನಾನು ಮೇಲೆ ಕೂತು ಟಿವಿ ನೋಡುತ್ತಿದ್ದೆ, ಗ್ರೈಂಡರ್ ಸದ್ದು ನೆಲದೊಳಗಿಂದ ಬರುತ್ತಿತ್ತು.

೨೦೦೨ರಲ್ಲಿ ಹುಬ್ಬಳ್ಳಿಯಿಂದ ಫೋನು ಬಂತು. ಅವಳ ತಂದೆಗೆ ಪಾರ್ಶ್ವವಾಯು, ಬಲಗಡೆ ಬಿದ್ದುಹೋಗಿತ್ತು. ಆಗ ಅವಳು ಬಣ್ಣ ಹಚ್ಚಲೆಂದು ಟ್ರಕ್ಕಿನ ಹಿಂದಿನ ತೊಟ್ಟಿಯನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದಳು. ಹಾಗೇ ಬಿಟ್ಟು ಹೊರಟಳು. ಏರ್‌ಪೋರ್ಟಿನಲ್ಲಿ "ಪ್ಲಾಸ್ಟಿಕ್ ಹೊಚ್ಚಿ ಇಡ್ರಿ, ಜಂಗು ಹಿಡೀತೈತಿ," ಎಂದಳು.

ಅವಳು ಹೋದ ಎರಡನೆಯ ತಿಂಗಳಲ್ಲಿ ನನ್ನ ಕೆಲಸ ಹೋಯಿತು. ವೀಸಾದ ಮೇಲಿರುವವನಿಗೆ ಕೆಲಸ ಹೋಗುವುದೆಂದರೆ ಕಾಲ ಕೆಳಗಿನ ನೆಲ ಹೋದಂತೆ. ಸಿಕ್ಕಸಿಕ್ಕಲ್ಲಿ ಅಪ್ಲೈ ಮಾಡಿದೆ. ಷಿಕಾಗೋ ಕಡೆಯ ಒಂದು ಊರಿನಲ್ಲಿ ಕೆಲಸ ಸಿಕ್ಕಿತು, ಮುಂದಿನ ವಾರವೇ ಬಾ ಎಂದರು. ಅಲ್ಲಿ ಸಿಕ್ಕ ಅಪಾರ್ಟ್‌ಮೆಂಟಿಗೆ ಗ್ಯಾರೇಜು ಇರಲಿಲ್ಲ. ಓಡದ ಗಾಡಿಯನ್ನು ಹೊರಗೆ ನಿಲ್ಲಿಸುವಂತಿಲ್ಲ ಎಂದು ಒಪ್ಪಂದದಲ್ಲೇ ಬರೆದಿತ್ತು.

ಮುದುಕರು ಬೇಲಿಯ ಬಳಿ ಬಂದರು. "ನನ್ನ ಗ್ಯಾರೇಜು ಖಾಲಿ ಇದೆ. ಅವಳು ಬರುವವರೆಗೆ ಅಲ್ಲಿರಲಿ. ಎಷ್ಟು ದಿನವಾದರೂ ಇರಲಿ," ಎಂದರು.

ನಿಮಗೇಕೆ ತೊಂದರೆ ಎಂದೆ. ಅವರು ತೊಂದರೆಯಿಲ್ಲ ಎಂದರು. ಮತ್ತೆ ನಾನು ಬೇಡ ಎಂದೆ.

ಇಲ್ಲಿಯವರೆಗಿನದಕ್ಕೆಲ್ಲ ನೆಪ ಹೇಳಬಹುದು, ಈ ಒಂದಕ್ಕೆ ಆಗುವುದಿಲ್ಲ. ಅವರ ಗ್ಯಾರೇಜು ನಮ್ಮದರಿಂದ ಇಪ್ಪತ್ತು ಹೆಜ್ಜೆ ದೂರ. ಇಬ್ಬರು ಸೇರಿ ತಳ್ಳಿದರೆ ಮುಗಿಯುತ್ತಿತ್ತು. ಆದರೆ ನನಗೆ ಆ ಟ್ರಕ್ಕಿನ ಕಥೆಯೇ ಮುಗಿಯಬೇಕಾಗಿತ್ತು. ಹೊಸ ಊರಿನಲ್ಲಿ ನಾವೂ ಎಲ್ಲರ ಹಾಗೆ ಇರೋಣ, ಯಾರೂ ಏನೂ ಕೇಳದ ಹಾಗೆ ಇರೋಣ ಎನ್ನಿಸಿತ್ತು. ನನ್ನ ಕೈಯಲ್ಲಿ ಏನೂ ಇಲ್ಲದ ಆ ವಾರಗಳಲ್ಲಿ, ನಾನೊಬ್ಬನೇ ತೀರ್ಮಾನಿಸಬಹುದಾದ ಒಂದೇ ಒಂದು ವಸ್ತು ಆ ಟ್ರಕ್ಕು. ಮತ್ತೆ ಹೊಟ್ಟೆಕಿಚ್ಚೂ ಇತ್ತು. ಅದರ ಕೆಳಗೆ ಮಲಗಿದಾಗ ಅವಳಿಗೆ ಯಾರೂ ಬೇಕಾಗುತ್ತಿರಲಿಲ್ಲ.

ಟ್ರಕ್ಕು ಮಾರಾಟಕ್ಕಿದೆ ಎಂದು ಪೇಪರಿನಲ್ಲಿ ಜಾಹೀರಾತು ಕೊಟ್ಟೆ. ಡೆಟ್ರಾಯಿಟಿನ ದಕ್ಷಿಣದಿಂದ ಒಬ್ಬ ಟ್ರೇಲರ್ ತಂದ. ಹಗ್ಗ ಬಿಗಿಯಲು ಟ್ರಕ್ಕನ್ನು ಕೆಳಗಿಳಿಸು ಎಂದ. ಯಾವ ಸ್ವಿಚ್ಚು ಮೊದಲು ಎಂದು ನನಗೆ ಗೊತ್ತಿರಲಿಲ್ಲ. ತಪ್ಪಾಗಿ ಒತ್ತಿದೆ. ಎಡಭಾಗ ಒಮ್ಮೆಲೇ ದಡಕ್ಕನೆ ಬಿತ್ತು. ಅವನು ನಕ್ಕು, ನಾನೇ ಮಾಡುತ್ತೇನೆ ಬಿಡು ಎಂದ. ತೊಟ್ಟಿ, ಪೈಪುಗಳು, ಅವಳ ವೆಲ್ಡಿಂಗ್ ಮುಖವಾಡ, ಕೈಗವಸು ಎಲ್ಲವನ್ನೂ ಹೇರಿಕೊಂಡ. ಮುದುಕರು ತಮ್ಮ ವರಾಂಡದಲ್ಲಿ ನಿಂತಿದ್ದವರು ಟ್ರೇಲರ್ ಹೊರಡುವ ಮೊದಲೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಭಾನುವಾರಕ್ಕೊಮ್ಮೆ ಕಾಲಿಂಗ್ ಕಾರ್ಡಿನಲ್ಲಿ ಹುಬ್ಬಳ್ಳಿಗೆ ಫೋನು ಮಾಡುತ್ತಿದ್ದೆ. ಕೆಲಸ ಹೋದದ್ದು, ಊರು ಬದಲಾದದ್ದು ಎಲ್ಲ ಹೇಳಿದ್ದೆ. "ಅಪ್ಪಾಗ ಗಂಜಿ ಕುಡಸಾಕತ್ತಿದ್ದೆ," ಎನ್ನುವಳು. ಒಂದು ಭಾನುವಾರ ಕೇಳಿದಳು: "ಟ್ರಕ್ ಅಂಕಲ್ ಕಡೆ ಇಟ್ಟೀರಲ್ಲ? ಪ್ಲಾಸ್ಟಿಕ್ ಹೊಚ್ಚೀರಿ?"

"ಹ್ಞೂಂ, ಹೊದಿಸಿದೀನಿ," ಎಂದೆ. ಮಾರಿ ಮೂರು ವಾರವಾಗಿತ್ತು.

"ಅಪ್ಪಾಗ ಫೋಟೋ ತೋರ್ಸಿದೆ. ಮಾತ ಬರೂದಿಲ್ಲ, ಎಡಗೈ ಎತ್ತಿ ಹಿಂಗ್ ಹಿಂಗ್ ಮಾಡಿದ್ರು, ಏಳೂದು, ಕುಂಡ್ರೂದು." ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಆ ದೂರದಲ್ಲಿ ತಿಳಿಯಲಿಲ್ಲ.

ತಂದೆ ಉಳಿಯಲಿಲ್ಲ. ಎಲ್ಲ ಕಾರ್ಯ ಮುಗಿಸಿ ಅವಳು ಹೊರಟಳು. ಷಿಕಾಗೋ ಏರ್‌ಪೋರ್ಟಿಗೆ ಕರೆಯಲು ಹೋದೆ. ತೀರ ಸೊರಗಿದ್ದಳು. ಹೈವೇಗೆ ಬಂದ ಮೇಲೆ, "ಈ ಶನಿವಾರ ಲಿವೋನಿಯಾಕ್ಕ ಹೋಗಿ ಗಾಡಿ ನೋಡ್ಕೊಂಡು ಬರೂಣ್ರಿ," ಎಂದಳು. ಆಗ ಹೇಳಿದೆ.

ಅವಳು ಮುಂದಿನ ಗಾಜನ್ನೇ ನೋಡುತ್ತಿದ್ದಳು.

"ನನ್ನ ಅಳತೀ ಬುಕ್ಕು?"

ಅದು ಟ್ರಕ್ಕಿನ ಡ್ಯಾಶ್‌ಬೋರ್ಡಿನ ಖಾನೆಯಲ್ಲಿತ್ತು. ಅದರೊಂದಿಗೇ ಹೋಗಿತ್ತು. ನನಗೆ ನೆನಪೇ ಆಗಿರಲಿಲ್ಲ.

"ಫೋನಿನ್ಯಾಗ ಹೊಚ್ಚೀನಿ ಅಂದ್ರಿ," ಎಂದಳು. ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಕೂಗಾಡಿ ಹಗುರಾಗುತ್ತಿದ್ದೆನೇನೋ.

ಆ ವಾರವೇ ಕೊಂಡವನಿಗೆ ಫೋನು ಮಾಡಿದೆ. ರಜೆ ಹಾಕಿ ಐದು ಗಂಟೆ ಡ್ರೈವ್ ಮಾಡಿಕೊಂಡು ಹೋದೆ. ಅವನು ಗಾಳಿಚೀಲ, ಕಂಪ್ರೆಸರ್, ಟ್ಯಾಂಕುಗಳನ್ನು ಬಿಚ್ಚಿ ತನ್ನ ಬೇರೊಂದು ಟ್ರಕ್ಕಿಗೆ ಹಾಕಿಕೊಂಡಿದ್ದ. ಬೇಕಾಗಿದ್ದದ್ದೇ ಅವು, ಎಂದ. ಚಾಸಿ ಹಿತ್ತಲಿನ ಹುಲ್ಲಿನಲ್ಲಿ ಬಿದ್ದಿತ್ತು. ನಾನು ಮಂಡಿಯೂರಿ ನೋಡಿದೆ. ಎರಡೂ ಕಡೆ ಅವಳು ಕತ್ತರಿಸಿ ಕಟ್ಟಿದ ಕಮಾನುಗಳು, ಅವುಗಳ ಅಂಚಿನುದ್ದಕ್ಕೂ ಒಂದೇ ಸಮನೆ ಸಾಗಿದ ಬೆಸುಗೆಯ ಗೆರೆ. ಅಷ್ಟು ಹತ್ತಿರದಿಂದ, ಹಗಲು ಬೆಳಕಿನಲ್ಲಿ ನಾನು ಅದನ್ನು ನೋಡಿರಲೇ ಇಲ್ಲ. ಲೈಟು ಹಿಡಿಯುವಾಗ ನನ್ನ ಗಮನ ಎಲ್ಲಿರುತ್ತಿತ್ತೋ. ಬುಕ್ಕಿನ ಬಗ್ಗೆ ಕೇಳಿದೆ. ಯಾವುದೋ ಭಾಷೆಯದು ಇತ್ತು, ಕಸಕ್ಕೆ ಹೋಯಿತು ಎಂದ. ಕೆಟ್ಟ ಮನುಷ್ಯನಲ್ಲ. ನನ್ನ ಮುಖ ನೋಡಿ, ಕುಡಿಯಲು ನೀರು ಬೇಕೇ ಎಂದು ಕೇಳಿದ.

ಮನೆಗೆ ಬಂದು ಅವಳಿಗೆ ಎಲ್ಲ ಹೇಳಿದೆ. "ಆತು ಬಿಡ್ರಿ," ಎಂದು ಎದ್ದು ಕುಕ್ಕರ್ ಇಟ್ಟಳು.

ಆಮೇಲಿನ ನಾಲ್ಕು ವರ್ಷ ನಾವು ಒಂದೇ ಮನೆಯಲ್ಲಿದ್ದೆವು. ಜಗಳವಿರಲಿಲ್ಲ. ಅವಳು ಅಡಿಗೆ ಮಾಡುವಳು, ಹಬ್ಬಕ್ಕೆ ಲೆಮಾಂಟಿಗೆ ಬರುವಳು, ನಮ್ಮಮ್ಮನಿಗೆ ಫೋನು ಮಾಡಿ ಮಂಡಿನೋವು ವಿಚಾರಿಸುವಳು. ಗ್ಯಾರೇಜಿರುವ ಮನೆ ತೆಗೆದುಕೊಳ್ಳೋಣ, ಬೇರೆ ಟ್ರಕ್ಕು ತರೋಣ ಎಂದು ನಾನು ಎರಡು ಮೂರು ಸಲ ಹೇಳಿದೆ. "ಬ್ಯಾಡ್ರಿ," ಎಂದಳು. ಕೆಲಸದ ಪರವಾನಗಿ ಬಂದ ಮೇಲೆ ಕಮ್ಯುನಿಟಿ ಕಾಲೇಜಿಗೆ ಸೇರಿ ವೆಲ್ಡಿಂಗಿನ ಪರೀಕ್ಷೆಗಳನ್ನೆಲ್ಲ ಮುಗಿಸಿದಳು. ಗ್ರೀನ್ ಕಾರ್ಡ್ ಬಂದ ವರ್ಷ, ಮಿಶಿಗನ್ನಿನಲ್ಲಿ ಲಾರಿ ಟ್ರೇಲರ್ ರಿಪೇರಿ ಮಾಡುವ ಒಂದು ಕಡೆ ಕೆಲಸ ಸಿಕ್ಕಿದೆ, ಹೋಗುತ್ತೇನೆ ಎಂದಳು. ಕಾರ್ಡಿಗಾಗಿ ಕಾದಿದ್ದಳು ಎಂದು ಜನ ಆಡಿಕೊಂಡರು. ನನಗೆ ಹಾಗನ್ನಿಸುವುದಿಲ್ಲ. ನನ್ನ ಮೇಲಿನ ನಂಬಿಕೆ ತಿರುಗಿ ಬಂದೀತೇನೋ ಎಂದು ಅವಳು ನಿಜವಾಗಿಯೂ ಕಾದಳು. ಬರಲಿಲ್ಲ.

"ನಾನೂ ಬರ್ಲಾ? ಆ ಕಡೆ ಕೆಲಸ ನೋಡ್ಕೋತೀನಿ," ಎಂದೆ.

ಅವಳು ಸೂಟ್‌ಕೇಸಿನ ಜಿಪ್ ಎಳೆಯುತ್ತಿದ್ದವಳು ನಿಲ್ಲಿಸಿದಳು. "ನೀವು ಕೆಟ್ಟಾವ್ರಲ್ಲ. ಆದ್ರ ನಾ ಎಲ್ಲಿಗರ ಹೊಂಟ್ರ, ಬರೂದ್ರಾಗ ಮನ್ಯಾಗ ಏನಿರ್ತೈತೋ ಏನಿರೂದಿಲ್ಲೋ ಅಂತ ಅಂಜಿಕಿ ಬರ್ತೈತ್ರಿ. ಹಂಗ್ ಬಾಳೇ ಮಾಡಾಕ ಆಗೂದಿಲ್ಲ ನನಗ."

ಆ ಸೂಟ್‌ಕೇಸನ್ನು ನಾನೇ ಕೆಳಗೆ ಒಯ್ದು ಅವಳ ಕಾರಿನಲ್ಲಿಟ್ಟೆ. ವಿಚ್ಛೇದನದ ಕಾಗದಪತ್ರಗಳು ಮುಗಿಯಲು ಇನ್ನೊಂದು ವರ್ಷ ಹಿಡಿಯಿತು.

ಅವಳನ್ನು ಕಡೆಯ ಸಲ ನೋಡಿದ್ದು ಲಿವೋನಿಯಾದಲ್ಲಿ, ಮುದುಕರು ತೀರಿಕೊಂಡಾಗ, ಅವರ ಅಂತ್ಯಕ್ರಿಯೆಯಲ್ಲಿ. ಸುದ್ದಿ ತಿಳಿಸಿದ್ದು ಅವಳೇ. ಜನವರಿ, ಫ್ಯಾರನ್‌ಹೀಟಿನಲ್ಲಿ ಹತ್ತು ಡಿಗ್ರಿಯೂ ಇರಲಿಲ್ಲ. ಕಪ್ಪು ಕೋಟು ಹಾಕಿಕೊಂಡು ಅವರ ಮಗಳ ಪಕ್ಕ, ಮನೆಯವರ ಸಾಲಿನಲ್ಲೇ ನಿಂತಿದ್ದಳು. ಕಡೆಯ ವರ್ಷಗಳಲ್ಲಿ ವಾರಕ್ಕೊಮ್ಮೆ ಬಂದು ಅವರಿಗೆ ಅಡಿಗೆ ಮಾಡಿಕೊಟ್ಟು ಹೋಗುತ್ತಿದ್ದಳೆಂದು ಮಗಳು ಹೇಳಿದರು. ಆಮೇಲೆ ಊಟವಿಟ್ಟಿದ್ದ ಸಭಾಂಗಣದಲ್ಲಿ ನಾವಿಬ್ಬರೂ ಒಂದು ಮೇಜಿನ ಎರಡು ತುದಿಗೆ ಕೂತು ಕಾಫಿ ಕುಡಿದೆವು. ಅವಳ ಎಡಗೈ ಹಿಂಭಾಗದಲ್ಲಿ ಹೊಸ ಸುಟ್ಟ ಗಾಯ ಇತ್ತು.

"ಅತ್ತೀ ಆರಾಮ ಅದಾರ?" ಎಂದಳು.

"ಇದ್ದಾರೆ. ನಿನ್ನ ಕೇಳ್ತಿರ್ತಾರೆ."

"ಹೇಳ್ರಿ ಕೇಳ್ದೆ ಅಂತ." ಕಾಫಿಯ ಲೋಟ ಎತ್ತಿಕೊಂಡು ಎದ್ದಳು. "ಲಗೂ ಹೊರಡ್ರಿ. ಕತ್ತಲಾದ್ರ ರೋಡ್ ಮ್ಯಾಲೆ ಐಸ್ ಕಟ್ಟತೈತಿ."

ನಾನು ಕೋಟು ಹಾಕಿಕೊಂಡು ಹೊರಗೆ ಬಂದೆ. ಗಾಜಿನ ಮೇಲಿನ ಹಿಮ ಕೆರೆದು, ಕಾರು ಬಿಸಿಯಾಗುವವರೆಗೆ ಕಾದು, ಷಿಕಾಗೋ ಕಡೆಗೆ ತಿರುಗಿಸಿದೆ.